ವಿಭೂತಿ ಹಚ್ಚಿಸಿಕೊಂಡ ಸಿನಿಮಾ ಮಶೀನು

ಎಳೆ ಜೋಳದ ತೆನೆ ಸುಟ್ಟ ಸೀತನಿ ತಿಂದು, ಬಾಯಿ ಸುತ್ತ ಮಸಿ ಮಾಡಿಕೊಂಡು ಓಣಿ ತುಂಬ ಅಡ್ಡಾಡುತ್ತಿದ್ದ ದಿನಗಳವು. ನಮ್ಮ ಯಂಕಂಚಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ವರ್ಷಕ್ಕೊಮ್ಮೆ ಸರಕಾರದ ಜೀಪಿನಲ್ಲಿ ಸಿನಿಮಾ ಮಶೀನು, ಅದಕ್ಕೆ ಕರೆಂಟು ಕೊಡುವ ಇಂಜಿನ್ನು ಬರುತ್ತಿದ್ದವು. ಬೇಸಾಯದ್ದು, ಸಿಡುಬಿನ ಚುಚ್ಚುಮದ್ದಿನದು, ಅಂಥವೇ ಚಿತ್ರಗಳು. ನಮಗೇನು, ಪರದೆ ಮೇಲೆ ಒಂದು ಎತ್ತು ನಡೆದರೂ ಸಾಕಿತ್ತು, ಆಡುತ್ತಿದ್ದ ಆಣಿಕಲ್ಲು ಅಲ್ಲೇ ಬಿಟ್ಟು ಓಡುತ್ತಿದ್ದೆವು.

ಮಶೀನು ನಡೆಸುವವರು ತಾಳಿಕೋಟೆಯ ದಸ್ತಗೀರ ಸಾಹೇಬರು. ಆ ವರ್ಷ ಅವರ ಊಟದ ಪಾಳಿ ನಮ್ಮ ಮನೆಯದು. ಸಾಲಿ ಕಟ್ಟೆಯ ಮೇಲೆ ಎಲ್ಲ ಹೊಂದಿಸಿಟ್ಟು ಬಂದರು. ನೌಕರಿ ಇನ್ನೂ ಕಾಯಂ ಆಗಿಲ್ಲವೆಂದು ಅಪ್ಪನ ಮುಂದೆ ಹೇಳಿಕೊಂಡರು. ಅವ್ವ ರೊಟ್ಟಿ, ಪುಂಡಿಪಲ್ಯ ನೀಡುತ್ತಿದ್ದಾಗ ಆಯಿ, ಅಂದರೆ ಅಪ್ಪನ ಅವ್ವ, ಪೂಜೆ ತಟ್ಟೆ ನನ್ನ ಕೈಗೆ ಕೊಟ್ಟು ಸಾಲಿಗೆ ನಡೆದಳು. ಕೂರಿಗೆಗೂ ಪೂಜೆ ಮಾಡದೆ ಬಿತ್ತಗೊಡದವಳು, ಊರಿಗೆ ಬಂದ ಮಶೀನನ್ನು ಹಾಗೇ ಬಿಡುತ್ತಾಳೆಯೇ? ಮುಂದಿನ ದುಂಡು ಗಾಜೇ ಅದರ ಹಣೆ ಅಂದುಕೊಂಡು ಮೂರು ಬೆರಳು ಹಸಿ ವಿಭೂತಿ ಎಳೆದಳು. ಕೈಮುಗಿದಳು. ನಾನೂ ಮುಗಿದೆ.

ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಸೇರಿತು. ಮಶೀನು ಗರಗರ ತಿರುಗಿತು. ಪರದೆ ಮೇಲೆ ಬರೀ ಮಂಜು. ಎತ್ತು ಯಾವುದು, ಮನುಷ್ಯ ಯಾವನು, ಒಂದೂ ತಿಳಿಯದು.

ಸಿಂದಗಿಯ ಬೀಗರನ್ನು ಪಕ್ಕಕ್ಕೆ ಕೂಡಿಸಿಕೊಂಡಿದ್ದ ಗೌಡರಿಗೆ ಸಿಟ್ಟು ನೆತ್ತಿಗೇರಿತು. "ನಡಸಾಕ ಬರಂಗಿಲ್ಲಂದ್ರ ಯಾಕ ಬರ್ತೀರಿ? ಇವರನ್ನ ಕೆಲಸದಿಂದ ತಗೀರಿ ಅಂತ ನಾಳೆನ ನಿಮ್ಮ ಮ್ಯಾಲಿನ ಸಾಹೇಬ್ರಿಗೆ ಬರೀತೇನಿ."

"ಐದು ನಿಮಿಷ ಕೊಡ್ರಿ ಗೌಡ್ರ" ಎಂದರು ದಸ್ತಗೀರ ಸಾಹೇಬರು.

ಏನು ಮನುಷ್ಯರಪ್ಪಾ ಅವರು. ಸಿಟ್ಟಿಗೆ ಮಶೀನಿಗೊಂದು ಏಟೂ ಹಾಕಲಿಲ್ಲ. ಮೊದಲು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟರು, ಕರೆಂಟು ಸರಿ ಇತ್ತು. ಬಲ್ಬು ನೋಡಿದರು. ರೀಲು ಬಿಚ್ಚಿ, ಅದರ ಹಾದಿ ಒರೆಸಿ, ಮತ್ತೆ ಏರಿಸಿದರು. ಮುಂದಿನ ದುಂಡು ಗಾಜಿನ ನಳಿಗೆಯನ್ನು ಹಿಂದೆ ಮುಂದೆ ತಿರುವಿದರು. ಮಂಜು ಸರಿಯಲಿಲ್ಲ. ಕಡೆಗೆ ನಳಿಗೆಯನ್ನೇ ಹೊರಗೆ ತೆಗೆದು ಕಂದೀಲಿಗೆ ಹಿಡಿದರು. ಮೂರು ಬಿಳಿ ಗೆರೆ ನನಗೂ ಕಂಡವು. ಆಯಿ ಎಳೆದ ವಿಭೂತಿಯೇ ಅವು.

ತಟ್ಟೆ ಇನ್ನೂ ನನ್ನ ತೊಡೆಯ ಮೇಲಿತ್ತು. ಸಾಹೇಬರು ಅದನ್ನು ನೋಡಿದರು, ಮಗ್ಗುಲಲ್ಲಿದ್ದ ಆಯಿಯನ್ನು ನೋಡಿದರು. ಮೆತ್ತನೆಯ ಅರಿವೆಯಿಂದ ಗಾಜು ಒರೆಸುತ್ತ, "ನಂದ ತಪ್ಪರಿ ಗೌಡ್ರ. ಗಾಜಿಗೆ ಧೂಳ ಕುಂತಿತ್ತು, ಒರಸೂದು ಮರತೇನ್ರಿ" ಎಂದರು.

ಚಿತ್ರ ಸ್ವಚ್ಛ ಮೂಡಿತು. ಗೌಡರ ಸಿಟ್ಟು ಮಾತ್ರ ಇಳಿಯಲಿಲ್ಲ, "ಬರಿಯೂದು ಬರೀತೇನಿ" ಎಂದರು.

ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಆಯಿಯ ಕಿವಿಯಲ್ಲಿ ಹೇಳಿಬಿಟ್ಟೆ. ಗಂಡಸರ ಮುಂದೆ ಸೆರಗು ಸರಿಸದ ಆಯಿ ಎದ್ದು, ಮಶೀನಿನ ಬೆಳಕಿಗೆ ಅಡ್ಡ ಬಂದು ನಿಂತಳು.

"ಗೌಡಪ್ಪಾ, ಧೂಳಲ್ಲ ಅದು. ನಾ ಹಚ್ಚಿದ ಈಬತ್ತಿ. ಬರಿಯೂದಿದ್ರ ನನ್ನ ಹೆಸರ ಬರಿ."

"ಯಮ್ಮಗೇನ ಗೊತ್ತರಿ?" ಸಾಹೇಬರು ಬಿಡಲಿಲ್ಲ. "ಮಶೀನು ಚಾಲೂ ಮಾಡೂ ಮೊದಲ ಗಾಜು ನೋಡೂದು ನನ್ನ ಕೆಲಸ. ತಪ್ಪ ನಂದು."

"ನಂದು ಅಂದ್ರ ನಂದು. ನೀ ಸುಮ್ನಿರೋ ತಮ್ಮಾ."

ಗೌಡರು ಇಬ್ಬರನ್ನೂ ನೋಡಿ ಮೀಸೆಯಲ್ಲೇ ನಕ್ಕರು. "ಕುಂಡ್ರಬೇ ಯಮ್ಮಾ, ಚಿತ್ರ ಕಾಣವಲ್ದು. ಯಾರಿಗೂ ಬರಿಯಂಗಿಲ್ಲ."

ಈಗ ನಮ್ಮ ಮನೆಯಲ್ಲಿ ಗೋಡೆಯಗಲದ ಟಿ.ವಿ. ಇದೆ. ಒಂದು ತಪ್ಪಿಗಾಗಿ ಇಬ್ಬರು ಹೀಗೆ ಜಗಳಾಡಿದ್ದನ್ನು ಆಮೇಲೆ ನಾನೆಲ್ಲೂ ಕಾಣಲಿಲ್ಲ. ಮೊನ್ನೆ ಟಿ.ವಿ. ಕೆಟ್ಟಾಗ, ಯಾರೂ ಬೈಯುವ ಮೊದಲೇ, ಮನೆಮಂದಿಯೆಲ್ಲ "ನಾನಲ್ಲ" ಅಂದರು. ನಾನೂ ಅಂದೆ.