ಕಪ್ಪೆ ಇಲ್ಲದ ಗಣಿತ

ಮಗಳ ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರವೇ ಅವಳ ಮೈತುಂಬ ನೀರುಗುಳ್ಳೆ ಎದ್ದವು. ಬೇವಿನ ತಪ್ಪಲು ಹಾಸಿ ಒಳಗೆ ಮಲಗಿಸಿದ್ದೆವು. ಮದುವೆಯ ಸೀರೆಯೊಂದು ಮಗ್ಗದ ಮೇಲೆ ಅರ್ಧಕ್ಕಿದ್ದುದರಿಂದ ನಮ್ಮ ಮನೆಯವರು ಏಳುವಂತಿರಲಿಲ್ಲ. ಹೀಗಾಗಿ ಗಜೇಂದ್ರಗಡದ ಕಾಲೇಜಿಗೆ ಅವಳ ಪಿಯುಸಿ ಅರ್ಜಿ ತುಂಬಲು ನಾನೇ ಹೊರಟೆ. ಅವಳು ಹಾಸಿಗೆಯಿಂದಲೇ ಕೂಗಿ ಹೇಳಿದಳು: "ಯವ್ವಾ, ಗಣಿತ ಇರೋದನ್ನ ಹಾಕು. ಮರೀಬ್ಯಾಡ ಮತ್ತ." ಮುಂದೆ ಹೈಸ್ಕೂಲಿನಲ್ಲಿ ಗಣಿತ ಕಲಿಸಬೇಕು ಎನ್ನುವುದೊಂದೇ ಅವಳ ಆಸೆ.

ಅರ್ಜಿಯಲ್ಲಿ ನೋಡಿದರೆ ಗಣಿತ ಎರಡು ಕಡೆ ಇತ್ತು. ವಿಜ್ಞಾನದ ಸಾಲಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಅದರ ಬಾಲಕ್ಕೆ ಜೀವಶಾಸ್ತ್ರ. ವಾಣಿಜ್ಯದ ಸಾಲಿನ ಕೊನೆಯಲ್ಲಿ ಬೇಸಿಕ್ ಮ್ಯಾಥ್ಸ್. ಜೀವಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದು ಎಂದು ಕೇಳಿದ್ದೆ. ನಮ್ಮ ಹುಡುಗಿ ಬಚ್ಚಲಲ್ಲಿ ಹಲ್ಲಿ ಕಂಡರೆ ಸ್ನಾನ ಬಿಟ್ಟು ಬರುವವಳು. ಕಪ್ಪೆ ಇಲ್ಲದ ಗಣಿತ ಇರುವಾಗ ಇನ್ನೊಂದೇಕೆ?

ಬೇಸಿಕ್ ಎಂದರೆ ಮೊದಲ ಪಾಠ ಎಂದು ನಾನು ತಿಳಿದಿದ್ದು ನಮ್ಮ ನೇಕಾರಿಕೆಯ ಲೆಕ್ಕದಲ್ಲಿ. ನಾನು ಸೊಸೆಯಾಗಿ ಬಂದಾಗ ಒಂದು ವರ್ಷ ಅತ್ತೆ ಮಗ್ಗ ಮುಟ್ಟಗೊಡಲಿಲ್ಲ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದಷ್ಟೇ ಕೆಲಸ. ಕೈ ಕುದುರಿದ ಮೇಲೆ ಮಗ್ಗಕ್ಕೆ ಕೂಡಿಸಿದರು. ಇದೂ ಹಾಗೆಯೇ, ಈ ವರ್ಷ ಬೇಸಿಕ್, ಬರುವ ವರ್ಷ ದೊಡ್ಡ ಗಣಿತ ಎಂದುಕೊಂಡೆ.

"ಲಗೂ ಗುರ್ತು ಹಾಕ್ರಿ ಅಕ್ಕಾರ, ಹಿಂದ ಪಾಳೆ ಐತಿ," ಎಂದ ಗುಮಾಸ್ತ. ಹಾಕಿದೆ.

ಗುಳ್ಳೆ ಒಣಗಿ, ಮಗಳು ಕಾಲೇಜಿಗೆ ಹೋದ ಮೊದಲ ದಿನ ಮಧ್ಯಾಹ್ನವೇ ವಾಪಸು ಬಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಯವ್ವಾ, ಏನ್ ಮಾಡಿಟ್ಟೀ? ನನ್ನ ಕಾಮರ್ಸಿಗೆ ಹಾಕೀಯಲ್ಲ!"

"ಗಣಿತ ಐತಲ್ಲ ಅದ್ರಾಗ?"

"ಅದು ಆ ಗಣಿತ ಅಲ್ಲ!"

ಗಣಿತದಲ್ಲಿ ಆ ಗಣಿತ, ಈ ಗಣಿತ ಎಂದು ಇರುತ್ತದೆಯೇ? ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ವಿಷಯ ಬದಲಿಸಲು ಮರುದಿನವೇ ಕಡೆಯ ದಿನವಂತೆ.

ಬೆಳಿಗ್ಗೆ ಇಬ್ಬರೂ ಗಣಿತದ ಸರ್ ಮುಂದೆ ನಿಂತೆವು. ಅವರು ಸಮಾಧಾನದ ಮನುಷ್ಯ. ಎರಡೂ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಾನು ಪರಿವಿಡಿಯ ಮೇಲೆ ಬೆರಳಿಟ್ಟು ಓದುತ್ತ ಹೋದೆ. ಇದರಲ್ಲೂ ತ್ರಿಕೋನಮಿತಿ, ಅದರಲ್ಲೂ ತ್ರಿಕೋನಮಿತಿ. ಕೆಲವು ಪಾಠಗಳ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ.

"ಎರಡೂ ಒಂದ ಅದಾವಲ್ರಿ ಸರ್?"

"ಹೆಸರು ಒಂದ್ರಿ, ಆಳ ಬ್ಯಾರೆ. ಇದು ವ್ಯಾಪಾರಕ್ಕ ಬೇಕಾದಷ್ಟು. ಅದು ಮುಂದ ಬಿಎಸ್ಸಿ ಗಣಿತಕ್ಕ ಹೋಗೂದು. ಈಕಿ ಟೀಚರ್ ಆಗಬೇಕಂದ್ರ ಅದ ಬೇಕು."

"ಮತ್ತ ಇದನ್ನ ಮುಗಿಸಿ ಮುಂದಿನ ವರ್ಷ ಅದಕ್ಕ ಹೋದ್ರ?"

ಸರ್ ನಕ್ಕರು. "ಬರಂಗಿಲ್ರಿ ಅಕ್ಕಾರ. ಹ್ಯಾಂಗ ಹೇಳ್ಲಿ, ರೋಣದ ಬಸ್ ಹತ್ತಿ ನರಗುಂದಕ್ಕ ಹೋಗ್ತೀನಿ ಅಂದಂಗ ಆತು."

ನನಗೆ ಇನ್ನಷ್ಟು ಗೊಂದಲವಾಯಿತು. ನರಗುಂದದ ತವರಿಗೆ ನಾನು ಹೋಗುವುದೇ ರೋಣದ ಬಸ್ಸಿನಲ್ಲಿ. ಅಲ್ಲಿ ಇಳಿದು ಇನ್ನೊಂದು ಹತ್ತಿದರೆ ಆಯಿತು. ಹಾಗೆಂದು ಹೇಳಿಯೂ ಬಿಟ್ಟೆ. ಮಗಳು ನನ್ನ ಸೆರಗು ಜಗ್ಗಿದಳು.

"ಈ ಗಣಿತದಾಗ ರೋಣಕ್ಕ ಇಳದ್ರ ಮುಂದ ಬಸ್ಸ ಇಲ್ಲ ಅಂತ ತಿಳೀರಿ," ಎಂದು ಸರ್ ಮಗಳ ಕಡೆ ತಿರುಗಿದರು. "ವಿಜ್ಞಾನದಾಗ ಒಂದ ಸೀಟ್ ಐತಿ. ಆದ್ರ ಜೀವಶಾಸ್ತ್ರಾನೂ ಓದಬೇಕಾಕ್ಕೈತಿ. ಓದ್ತಿ?"

"ಓದ್ತೀನ್ರಿ."

"ಕಪ್ಪಿ..." ಎಂದೆ ನಾನು.

"ಕಪ್ಪಿ ಕೊಯ್ಯೂದು ಬಿಟ್ಟು ಎಷ್ಟೋ ವರ್ಷ ಆತ್ರಿ ಅಕ್ಕಾರ."

ಆ ಕಪ್ಪೆಯ ಸಲುವಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಅವರು ತೋರಿಸಿದಲ್ಲಿ ಸಹಿ ಮಾಡಿದೆ. ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಹಳೆಯ ಗುರುತಿನ ಮೇಲೆ ಗೆರೆ ಎಳೆದು ಮೇಲಿನ ಸಾಲಿನಲ್ಲಿ ಹೊಸದು ಹಾಕಿದ. ಅವನು ಮೊಹರು ಒತ್ತುವ ತನಕ ಮಗಳು ಕಿಟಕಿ ಬಿಟ್ಟು ಕದಲಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಅವಳು ಮುಂದೆ, ನಾನು ಹಿಂದೆ ನಡೆದೆವು. ಒಂದೇ ಹೆಸರಿನ ಪಾಠಗಳು ಒಂದೇ ಅಲ್ಲವೆಂದರೆ ಹೇಗೆ ಎನ್ನುವುದು ತಲೆಯಲ್ಲಿ ತಿರುಗುತ್ತಲೇ ಇತ್ತು, ಈಗಲೂ ತಿರುಗುತ್ತದೆ. ಅಷ್ಟರಲ್ಲಿ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ: "ರೋಣ, ರೋಣ! ನರಗುಂದದವರೂ ಹತ್ರಿ, ಅಲ್ಲಿ ಬಸ್ಸ ಸಿಗತೈತಿ!"

"ಕೇಳಿದಿ?" ಎಂದೆ.

ಎರಡು ದಿನದಲ್ಲಿ ಮೊದಲ ಬಾರಿ ಅವಳು ನಕ್ಕಳು. "ಸಾಕು ಬಾ ಯವ್ವಾ, ಹಸಿವ್ಯಾಗೈತಿ."