ಸತ್ತಿರಲಿಲ್ಲ, ಎಮ್ಮೆ ನೋಡುತ್ತಿದ್ದೆ

ನಾನು ಸತ್ತಿರಲಿಲ್ಲ. ಎಮ್ಮೆ ನೋಡುತ್ತ ಕೂತಿದ್ದೆ, ಅಷ್ಟೇ. ನಮ್ಮೂರು ತಳಕಲ್ಲಿನಲ್ಲಿ ಕೆಲವರು ಈಗಲೂ ಬೇರೆ ಥರ ಹೇಳುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊಮ್ಮಗಳು ಕೊಪ್ಪಳದಲ್ಲಿ ಚಿತ್ರಕಲೆ ಓದುತ್ತಾಳೆ. ಪರೀಕ್ಷೆಗೆಂದು ನಮ್ಮ ಮನೆಯ ಮುಂದೆ ಒಂದು ಕಲಾಕೃತಿ ಮಾಡಿದಳು. ಕಲಾಕೃತಿ ಅಂದರೆ ಏನು? ಕೂರಲು ಕೌದಿ, ಒರಗಲು ಗೋಡೆ, ತಲೆಯ ಮೇಲೆ ಚೆಂಡುಹೂವಿನ ಮಾಲೆ. ಎದುರಿಗೆ ಇಳಿಬಿಟ್ಟ ಗೋಣಿತಟ್ಟಿನಲ್ಲಿ ಕಿಟಕಿಯಷ್ಟು ತೂತು. ತೂತಿನಾಚೆ ನಮ್ಮದೇ ಎಮ್ಮೆ. ಪಕ್ಕದಲ್ಲೊಂದು ಬೋರ್ಡು: "ಬ್ಯಾಸರದ ಅಂಗಡಿ. ಇಲ್ಲಿ ಏನೂ ಸಿಗೂದಿಲ್ಲ. ಸುಮ್ಮನ ಕುಂತು ನೋಡ್ರಿ."

ಜನ ಬಂದರು, ಬಗ್ಗಿ ನೋಡಿದರು, "ಎಮ್ಮಿ ಮಾರಾಕ ಇಟ್ಟೀರೇನ್ರಿ?" ಎಂದು ಕೇಳಿ ಹೋದರು. ಒಬ್ಬರೂ ಕೂರಲಿಲ್ಲ. ಮಧ್ಯಾಹ್ನ ಅವಳ ಸರ್ ನೋಡಲು ಬರುವವರಿದ್ದರು.

"ಯಾರೂ ಕೂಡಲಿಲ್ಲಂದ್ರ ನಾ ಫೇಲಾದಂಗಬೇ ಆಯಿ. ನೀನರ ಕುಂದರು."

ಬತ್ತಿ ಹೊಸೆಯಲು ಹತ್ತಿಯ ಬುಟ್ಟಿ ತಂದು ಕೂತೆ. ಕಸಿದುಕೊಂಡಳು. "ಕೈಯಾಗ ಕೆಲಸ ಇರಬಾರದು. ಸರ್‌ನ ಕರ್ಕೊಂಡು ಬರೂತನಕ ಮಾತಾಡಬ್ಯಾಡ, ಅಳ್ಳಾಡಬ್ಯಾಡ."

"ಖಾಲಿ ಕೈಲೆ ಕೂಡಾಕ ನಾ ಏನು ಸತ್ತೀನೇನ?" ಎಂದೆ. ಅವಳ ಮುಖ ಸಣ್ಣದಾಯಿತು. ಕೂತೆ. ಅವಳು ಬಸ್‌ಸ್ಟ್ಯಾಂಡಿಗೆ ಓಡಿದಳು.

ಹುಟ್ಟಿದಾಗಿನಿಂದ ನಾನು ಹಾಗೆ ಕೂತವಳಲ್ಲ. ನಮ್ಮ ಎಮ್ಮೆಯ ಎಡಗಿವಿಗೆ ತುದಿಯೇ ಇಲ್ಲ. ಇಷ್ಟು ವರ್ಷ ಹಾಲು ಹಿಂಡಿದ್ದೇನೆ, ಕಿವಿ ನೋಡಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ ಹೂವು ಕಟ್ಟುತ್ತೇವೆ. ದಾರಿಯಲ್ಲಿ ಹೊರಟಿದ್ದ ನನ್ನ ಮೈದುನನ ಹೆಂಡತಿ ನನ್ನನ್ನು ಕಂಡವಳೇ ಎದೆ ಬಡಿದುಕೊಂಡು ಬಂದು ಮುಂದೆ ಕುಸಿದಳು.

"ಹೋದ್ಯಲ್ಲಬೇ ಯಕ್ಕಾ! ನಿನ್ನಿ ನೀ ಬೈದದ್ದು ನಾ ಮನಸಿಗೆ ಹಚ್ಚಿಕೊಂಡಿಲ್ಲಬೇ!"

ಓಣಿಯೆಲ್ಲ ಕೂಡಿತು. ಮೊಮ್ಮಗಳಿಗೆ ಮಾತು ಕೊಟ್ಟಿದ್ದೆ, ಸುಮ್ಮನಿದ್ದೆ. ಆದರೆ ಇವಳ ತಲೆ ತೂತಿಗೆ ಅಡ್ಡ ಬಂತು.

"ಅತ್ತಾಗ ಸರಿ. ಎಮ್ಮಿ ಕಾಣವಲ್ದು," ಎಂದೆ.

ಒಬ್ಬ ಹೆದರಿ ಓಟ ಕಿತ್ತ. ಉಳಿದವರು ನಕ್ಕು ಸಾಕಾಗಿ, ಬಂದದ್ದಂತೂ ಬಂದೆವೆಂದು ಅಲ್ಲೇ ಕೂತರು. ಅತ್ತವಳು ಮೂಗು ಒರೆಸಿಕೊಂಡು ಕೌದಿಯ ತುದಿಗೆ ಸರಿದಳು.

"ಅದರ ಕಿವಿಗೆ ಏನಾಗೇತಬೇ ಯಕ್ಕಾ?"

"ಸುಮ್ಮನ ನೋಡು."

ಮೊಮ್ಮಗಳು ಸರ್ ಜೊತೆ ಬಂದಾಗ ಇಡೀ ಓಣಿ ಬಾಯಿ ಮುಚ್ಚಿಕೊಂಡು ಎಮ್ಮೆ ನೋಡುತ್ತಿತ್ತು. ಸರ್ ಚಪ್ಪಲಿ ಬಿಟ್ಟು ತಾವೂ ಕೂತರು. ಹುಡುಗಿ ಪಾಸು. ಅವರ ಹಿಂದೆ ನಿಂತು ಅಳುತ್ತಿದ್ದಳು, ಹುಚ್ಚಿ.

ಮರುದಿನ ಬೆಳಿಗ್ಗೆ ಹಾಲು ಹಿಂಡಿ ಮತ್ತೆ ಅಲ್ಲೇ ಹೋಗಿ ಕೂತೆ. ಯಾರೂ ಅಳಬಾರದೆಂದು ಹತ್ತಿಯ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಬತ್ತಿ ಒಂದೂ ಹೊಸೆಯಲಿಲ್ಲ.