ಜೋಡಿ ಇಲ್ಲದ ವಾಲ್ವ್

ಗರುಡಾಚಾರ್‌ಪಾಳ್ಯದ ಅಕ್ತರ್ ಅವರ ಲೇತ್ ಶೆಡ್ಡಿನಲ್ಲಿ ನಕ್ಷೆಗೆ ಮರ್ಯಾದೆಯಿಲ್ಲ. ಯಾರಾದರೂ ಡ್ರಾಯಿಂಗ್ ತಂದರೆ ಅದನ್ನು ಟೀ ಲೋಟದ ಕೆಳಗೆ ಹಾಸಿ, "ಪೀಸ್ ತನ್ನಿ" ಎನ್ನುತ್ತಾರೆ. ಹಳೆಯ ಪೀಸ್ ಕೊಟ್ಟರೆ ಅಂಥದ್ದೇ ಹೊಸದು ಮಾಡಿಕೊಡುತ್ತಾರೆ. ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಕಲಿತ ವಿದ್ಯೆ ಅದು.

ಆ ಗಲ್ಲಿಗೆ ಒಂದು ಕಟ್ಟಳೆಯೂ ಇತ್ತು. ಒಂದರೊಳಗೊಂದು ಕೂರುವ ವಸ್ತುವಾದರೆ ಎರಡನ್ನೂ ತರಿಸಬೇಕು. ಒಂದು ಎಷ್ಟು ಸವೆದಿದೆ ಎನ್ನುವುದನ್ನು ಇನ್ನೊಂದು ಹೇಳುತ್ತದೆ. ಅದಕ್ಕೆ ಅಲ್ಲಿ 'ಜೋಡಿ' ಎನ್ನುತ್ತಾರೆ. ಜೋಡಿ ನೋಡದೆ ಅಕ್ತರ್ ಸ್ಕೂಟರಿನ ಕೆಲಸವನ್ನೂ ಮುಟ್ಟಿದವರಲ್ಲ. ಆದರೆ ಒಮ್ಮೆ ಮುಟ್ಟಿದರು. ಕಾರಣ ಬೇರೇನೂ ಅಲ್ಲ, ಹೊಗಳಿಕೆ.

ಇಂದಿರಾನಗರದ ವಸಂತ್ ಎಂಬ ಏಜೆಂಟ್ ಒಂದು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ಕಂಚಿನ ವಾಲ್ವ್ ತಂದ. ಯಾವುದೋ ದೇಶದ ನೌಕಾಪಡೆ ಇನ್ಯಾವುದೋ ದೇಶದಿಂದ ಎರಡು ಹಳೆಯ ಜಲಾಂತರ್ಗಾಮಿಗಳನ್ನು ಕೊಂಡಿತ್ತು. ಒಂದು ಓಡಿಸಲು, ಇನ್ನೊಂದು ಬಿಡಿಭಾಗ ಕಿತ್ತುಕೊಳ್ಳಲು. ಅವನ್ನು ಕಟ್ಟಿದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮಾರಿದವರು ಕೊಟ್ಟ ಪುಸ್ತಕದ ಅಳತೆಗೂ ಒಳಗಿದ್ದ ಯಂತ್ರಕ್ಕೂ ತಾಳೆಯೇ ಇರಲಿಲ್ಲ. ಗುಜರಿಯಲ್ಲಿ ಲಡಕಾಸಿ ಬೈಕನ್ನು 'ರನ್ನಿಂಗ್ ಕಂಡೀಷನ್' ಎಂದು ಮಾರುತ್ತಾರಲ್ಲ, ಅದೇ ಮಾತಿಗೆ ಪದಕ ಧರಿಸಿದ ನೌಕಾಧಿಕಾರಿಗಳೂ ತಲೆಯಾಡಿಸಿದ್ದರು.

"ಇದರ ಸೀಟು ಎಲ್ಲಿ ಸಾರ್?" ಅಕ್ತರ್ ಕೇಳಿದರು. ಸೀಟೆಂದರೆ ವಾಲ್ವ್ ಕೂತು ನೀರು ತಡೆಯುವ ಬಳೆ.

"ಅದು ಸಬ್‌ಮರೀನ್ ಒಳಗೇ ಇದೆ ಅಕ್ತರ್ ಭಾಯ್. ಇಡೀ ಬೆಂಗ್ಳೂರಲ್ಲಿ ನಿಮ್ ಕೈಲಿ ಮಾತ್ರ ಆಗೋದು ಅಂತ ಬಂದಿದೀನಿ."

ಅಕ್ತರ್ ಉಬ್ಬಿಹೋದರು. ಸಬ್‌ಮರೀನ್ ಕೆಲಸ ಬಂದಿದೆ ಎಂದು ಹೆಂಡತಿ ಶಂಶುನ್ನೀಸಾಗೆ ಮೂರು ಸಲ ಹೇಳಿದರು. ಮಾಡಿಕೊಟ್ಟ ವಾಲ್ವ್ ಹಳೆಯದರ ಅವಳಿಯಂತಿತ್ತು, ಸವೆತವೂ ಸೇರಿ. ಬಂದರಿನಲ್ಲಿ ಪರೀಕ್ಷೆ ಮಾಡಿದಾಗ ನೀರು ಜಿನುಗಿತು.

"ಜೋಡಿ ತರ್ಸಿ ಸಾರ್. ತಪ್ಪು ನಂದೇ," ಎಂದರು ಅಕ್ತರ್.

ಎರಡನೇ ಜಲಾಂತರ್ಗಾಮಿಯಿಂದ ವಾಲ್ವನ್ನೂ ಸೀಟನ್ನೂ ಬಿಚ್ಚಿ ಕಳಿಸಿದರು. ಅಕ್ತರ್ ಸೀಟನ್ನು ಕೆರೆದು ನೋಡಿದರು. ಅದರ ಹಿಂದೆ ತಗಡಿನ ಪಟ್ಟಿಯೊಂದನ್ನು ಕತ್ತರಿಸಿ ತುರುಕಿದ್ದರು. ತಿಂಡಿ ಡಬ್ಬಿಯ ತಗಡು, ಮೇಲೆ ಯಾವುದೋ ಭಾಷೆಯ ಬಣ್ಣದ ಅಕ್ಷರ. ಸವೆದದ್ದನ್ನು ಬಿಗಿ ಮಾಡಲು ಗುಜರಿ ಗಲ್ಲಿಯವರೂ ಹೀಗೆಯೇ ಪ್ಯಾಕಿಂಗ್ ಕೊಡುತ್ತಾರೆ. ಸಮುದ್ರದಾಚೆಯ ಯಾವುದೋ ಬಂದರಿನಲ್ಲೂ ಒಬ್ಬ ಅಕ್ತರ್ ಇದ್ದ. ಅವರಿಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು.

"ಇದರ ನಿಜವಾದ ಅಳತೆ ಯಾರ ಹತ್ರಾನೂ ಇಲ್ಲ ಸಾರ್. ನಾನು ಮಾಡಲ್ಲ."

"ನೀವೂ ಹಂಗೇ ಒಂದು ಪ್ಯಾಕಿಂಗ್ ಕೊಟ್ಬಿಡಿ. ಟೆಸ್ಟ್ ಪಾಸಾದ್ರೆ ಆಯ್ತಲ್ಲ?"

"ಟೆಸ್ಟು ಪಾಸಾಗುತ್ತೆ. ಸ್ಕೂಟರ್ ಕೈ ಕೊಟ್ರೆ ರೋಡ್ ಪಕ್ಕ ನಿಲ್ಲಿಸ್ತಾರೆ. ಇವ್ರು ನೀರೊಳಗೆ ಎಲ್ಲಿ ಸೈಡಿಗೆ ಹಾಕ್ತಾರೆ?"

ವಸಂತ್ ಮುಖ ಗಂಟಿಕ್ಕಿಕೊಂಡು ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ. ಆಗಲ್ಲ ಎಂದು ಗಿರಾಕಿಯನ್ನು ವಾಪಸ್ ಕಳಿಸಿದ್ದು ಅಕ್ತರ್ ಅವರಿಗೆ ಅದೇ ಮೊದಲು. ನಾಚಿಕೆಯಾಯಿತು, ಆದರೂ ಒಂದು ಸಮಾಧಾನ: ಆ ದೋಣಿ ನೀರಿಗಿಳಿಯುವುದಿಲ್ಲ, ಒಳಗೆ ಯಾರೂ ಸಾಯುವುದಿಲ್ಲ.

ಕೆಲವು ತಿಂಗಳ ಮೇಲೆ ಶುಕ್ರವಾರದ ನಮಾಜಿಗೆ ಶಿವಾಜಿನಗರಕ್ಕೆ ಹೋದಾಗ ಗಯಾಜ್ ಸಿಕ್ಕಿದ. ಅಕ್ತರ್ ಅವರೇ ಕೈ ಹಿಡಿದು ಲೇತ್ ಕಲಿಸಿದವನು, ಈಗ ಗಲ್ಲಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡ.

"ಪಾಸ್ ಹೋಗ್ಯಾ ಉಸ್ತಾದ್! ವಸಂತ್ ಸಾರ್ ಸಬ್‌ಮರೀನ್ ಕೆಲ್ಸ ತಂದಿದ್ರು. ತೆಳ್ಳಗೆ ಪ್ಯಾಕಿಂಗ್ ಕೊಟ್ಟೆ, ಒಂದು ಹನಿ ಬರ್ಲಿಲ್ಲ. ದೋಣಿ ನೀರಿಗೆ ಹೋಯ್ತಂತೆ."

ಅಕ್ತರ್ ಅವನ ಕೈಗಳನ್ನು ಬಿಗಿಯಾಗಿ ಅದುಮಿದರು. ಗಯಾಜ್‌ಗೆ ಅದು ಮೆಚ್ಚುಗೆ ಎನಿಸಿತು.

"ಯಾರ್ ಹತ್ರ ಕಲ್ತೆ ಅಂತ ವಸಂತ್ ಸಾರ್ ಕೇಳಿದ್ರು ಉಸ್ತಾದ್. ನಿಮ್ ಹೆಸರೇ ಹೇಳ್ದೆ."